ಇಳಕಲ್ ಸೀರೆ ಫೋಟೋದಲ್ಲಿ ನೇಯ್ಗೆ ಕಾಣುತ್ತಿಲ್ಲ, ಸೆರಗಿನ ಕೆಂಪು ಕೆಡುತ್ತಿದೆ. ಲೈಟ್ ಹೇಗಿಡಬೇಕು?

ಮಗ್ಗದಮನೆ_ಇಳಕಲ್:

ಎಲ್ಲರಿಗೂ ನಮಸ್ಕಾರ ರೀ. ನಾನು ಇಳಕಲ್‌ನವಳು. ಮನೆಯಲ್ಲಿ ಮಗ್ಗ ಇದೆ. ನಮ್ಮವು ಮತ್ತು ಓಣಿಯ ಇನ್ನೊಂದಿಷ್ಟು ನೇಕಾರರ ಸೀರೆಗಳನ್ನು ಫೋಟೋ ತೆಗೆದು ವಾಟ್ಸಾಪ್ ಮತ್ತು ಇನ್‌ಸ್ಟಾಗ್ರಾಂನಲ್ಲಿ ಮಾರುತ್ತೇನೆ. ಇಷ್ಟು ದಿನ ಫೋನಿನಲ್ಲೇ ತೆಗೆಯುತ್ತಿದ್ದೆ. ಈಗ ಒಂದು ಸೆಕೆಂಡ್ ಹ್ಯಾಂಡ್ ಮಿರರ್‌ಲೆಸ್ ಕ್ಯಾಮೆರಾ ತಗೊಂಡಿದ್ದೇನೆ. ಜೊತೆಗೆ 18-55 ಕಿಟ್ ಲೆನ್ಸ್, 50 ಎಂಎಂ ಎಫ್ 1.8 ಲೆನ್ಸ್, ಕ್ಯಾಮೆರಾ ಮೇಲೆ ಕೂಡಿಸುವ ಒಂದು ಫ್ಲ್ಯಾಶ್ ಇದೆ. ಮೊದಲಿನಿಂದ ಇದ್ದ ರಿಂಗ್ ಲೈಟ್ ಒಂದಿದೆ.

ತೊಂದರೆ ಏನಂದರೆ, ನಮ್ಮ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ರಿಂಗ್ ಲೈಟ್ ಎದುರಿಗೆ ಇಟ್ಟು ತೆಗೆದರೆ ಒಡಲು ಸಪಾಟಾಗಿ ಕಾಣುತ್ತದೆ, ನೇಯ್ದದ್ದು ಅನ್ನೋದೇ ಗೊತ್ತಾಗಲ್ಲ. ಸೆರಗಿನ ದಾಳಿಂಬೆ ಕೆಂಪು ಕಿತ್ತಳೆಗೆ ತಿರುಗುತ್ತದೆ. ಸೆರಗಿನ ತೋಪ ತೆನಿ ವಿನ್ಯಾಸದ ಬಿಳಿ ಗೆರೆಯ ಅಂಚು ಒಡೆದುಹೋಗುತ್ತದೆ. ದಡಿಯಲ್ಲಿ ಜರಿ ಇದ್ದರಂತೂ ಅಲ್ಲಲ್ಲಿ ಬರೀ ಬಿಳಿ ಮಚ್ಚೆ. ಮೊನ್ನೆ ಒಬ್ಬ ಗಿರಾಕಿ "ಫೋಟೋದ ಬಣ್ಣ ಬೇರೆ, ಬಂದ ಸೀರೆ ಬೇರೆ" ಅಂತ ವಾಪಸ್ ಕಳಿಸಿದರು. ಅವರದೇನೂ ತಪ್ಪಿಲ್ಲ. ಆದರೆ ನೇಯ್ದವರ ಮುಖ ನೋಡೋಕೆ ಆಗಲಿಲ್ಲ.

ಇನ್ನೂ ಮೂರು ಕೆಲಸ ತಲೆಯಲ್ಲಿವೆ. ಮಗ್ಗದ ಮೇಲೆ ಕೂತ ನೇಕಾರರ ಫೋಟೋ ಬೇಕು. ಕುಣಿಮಗ್ಗದ (ನೆಲದ ಕುಣಿಯಲ್ಲಿ ಕಾಲಿಟ್ಟು ನೇಯುವ ಮಗ್ಗ) ಕೋಣೆ ಕತ್ತಲು, ಒಂದೇ ಸಣ್ಣ ಕಿಟಕಿ. ಬಾದಾಮಿಗೆ ಹೋಗಿ ಶಿಲ್ಪಗಳ ಫೋಟೋ ತೆಗೆದು, ಅವುಗಳ ಒಡವೆ, ಉಡುಗೆಯ ಅಂಚನ್ನು ಹೊಸ ಡಿಸೈನಿಗೆ ನೋಡಬೇಕು ಅಂತ ಆಸೆ. ಮತ್ತೆ ಅಮೀನಗಡದ ನಮ್ಮ ಸೋದರಮಾವ ಕರದಂಟಿನ ಡಬ್ಬಿ ಮೇಲೆ ಹಾಕೋಕೆ ಫೋಟೋ ಕೇಳಿದ್ದಾರೆ.

ನನ್ನ ಹತ್ತಿರ 12 ಸಾವಿರ ಇದೆ. ದೊಡ್ಡ ಎಲ್‌ಇಡಿ ಪ್ಯಾನೆಲ್ ತಗೊಳ್ಳಲಾ, ಸಾಫ್ಟ್‌ಬಾಕ್ಸ್ ಕಿಟ್ ತಗೊಳ್ಳಲಾ? ನಾಲ್ಕೂ ಕೆಲಸಕ್ಕೆ ಆಗೋ ಲೈಟ್ ಯಾವುದು?

ಶಟರ್_ಜಮಖಂಡಿ:

ನಾನಾದರೆ ಎಲ್‌ಇಡಿ ಅಂತೀನಿ. ಹಚ್ಚಿದ ಕೂಡಲೇ ನೆರಳು ಎಲ್ಲಿ ಬೀಳುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಕಲಿಯುವವರಿಗೆ ಅದು ದೊಡ್ಡ ಅನುಕೂಲ. ವಿಡಿಯೋಗೂ ಆಗುತ್ತದೆ. ತಗೊಳ್ಳುವಾಗ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನೋ ಅಂಕ) 95ರ ಮೇಲಿದೆಯಾ ನೋಡಿ. ಅದು ಕಡಿಮೆ ಇದ್ದರೆ ಮೊದಲು ಕೆಡೋದು ಕೆಂಪೇ. ನಿಮ್ಮ ರಿಂಗ್ ಲೈಟಿನ ಮೇಲೆ ನನಗೆ ಅದೇ ಅನುಮಾನ.

ಇನ್ನೊಂದು. ಮಗ್ಗದ ಕೋಣೆಯಲ್ಲಿ ಟ್ಯೂಬ್‌ಲೈಟೋ ಅಗ್ಗದ ಎಲ್‌ಇಡಿ ಬಲ್ಬೋ ಉರಿಯುತ್ತಿದ್ದರೆ ಫೋಟೋದಲ್ಲಿ ಅಡ್ಡ ಪಟ್ಟೆ ಬರಬಹುದು. ನಮ್ಮ ಕರೆಂಟ್ 50 ಹರ್ಟ್ಜ್. ಆ ಬೆಳಕು ಸೆಕೆಂಡಿಗೆ 100 ಸಲ ಹೆಚ್ಚು ಕಡಿಮೆ ಆಗುತ್ತದೆ. ಶಟರ್ 1/100 ಅಥವಾ 1/50ರಲ್ಲಿಟ್ಟರೆ ಪಟ್ಟೆ ಹೋಗುತ್ತದೆ.

ನವನಗರ_ಸ್ಟುಡಿಯೋ:

ತಂಗಿ, ಆ 12 ಸಾವಿರ ಸದ್ಯಕ್ಕೆ ಹಾಗೇ ಇಟ್ಟುಕೋ. ನಿನ್ನ ಹತ್ತಿರ ಇರುವ ಫ್ಲ್ಯಾಶ್ ಬಹಳ ಒಳ್ಳೆಯ ಲೈಟ್. ಅದನ್ನು ಕ್ಯಾಮೆರಾದ ತಲೆ ಮೇಲಿಂದ ಕೆಳಗೆ ಇಳಿಸಬೇಕು, ಅಷ್ಟೇ. ಫ್ಲ್ಯಾಶನ್ನು ದೂರದಿಂದ ಹೊಡೆಸುವ ಒಂದು ಟ್ರಿಗರ್, ಒಂದು ಸ್ಟ್ಯಾಂಡ್, ಒಂದು ಬಿಳಿ ಛತ್ರಿ, ಎರಡು ಥರ್ಮೋಕೋಲ್ ಶೀಟು, ಒಂದೂವರೆ ಮೀಟರ್ ಕಪ್ಪು ಬಟ್ಟೆ, ಬಣ್ಣ ಸರಿ ಮಾಡಲು ಒಂದು ಗ್ರೇ ಕಾರ್ಡ್ (ಬೂದು ಬಣ್ಣದ ರಟ್ಟು). ಇಷ್ಟೇ ಖರ್ಚು. ಉಳಿದದ್ದು ಜಾಗ ಬದಲಿಸಿ ನೋಡುವ ಕೆಲಸ.

ಬಾಗಲಕೋಟೆಯಲ್ಲಿ ನನ್ನ ಸ್ಟುಡಿಯೋ ಇದೆ. ಮದುವೆ, ಪಾಸ್‌ಪೋರ್ಟ್ ಫೋಟೋ, ಗುಳೇದಗುಡ್ಡದ ಖಣ (ರವಿಕೆ ಬಟ್ಟೆ), ಬೆಳ್ಳಿ ಸಾಮಾನು, ಎಲ್ಲಾ ಬರುತ್ತವೆ. ಏನೇ ಬಂದರೂ ನಾನು ಮೊದಲು ಅದನ್ನು ಕೈಯಲ್ಲಿ ಹಿಡಿದು ಮೈ ನೋಡುತ್ತೇನೆ. ಒರಟಾಗಿದೆಯಾ, ಹೊಳೆಯುತ್ತದೆಯಾ, ಮನುಷ್ಯರ ಚರ್ಮವಾ? ಪೋರ್ಟ್ರೇಟ್ ಸ್ಟೈಲು, ಪ್ರಾಡಕ್ಟ್ ಸ್ಟೈಲು, ಫುಡ್ ಸ್ಟೈಲು ಅಂತ ಬೇರೆ ಬೇರೆ ಪಾಠ ಮಾಡುತ್ತಾರಲ್ಲ, ಅವೆಲ್ಲ ಇದರ ಮೇಲೇ ನಿಂತಿವೆ. ಮೈ ಒರಟಿದ್ದರೆ ಬೆಳಕು ಪಕ್ಕದಿಂದ ಸವರಿಕೊಂಡು ಹೋಗಬೇಕು. ಹೊಳಪಿದ್ದರೆ ಆ ಹೊಳಪಿನಲ್ಲಿ ಏನು ಕಾಣಬೇಕು ಅಂತ ಮೊದಲು ಗೊತ್ತು ಮಾಡಿಕೊಳ್ಳಬೇಕು. ಮುಖವಾದರೆ ಬೆಳಕು ದೊಡ್ಡದಿರಬೇಕು, ಹತ್ತಿರ ಇರಬೇಕು. ನಿನ್ನ ಸೀರೆಯಲ್ಲಿ ಒಡಲು ಮೊದಲನೇ ಜಾತಿ, ಸೆರಗು ಮತ್ತು ಜರಿ ಎರಡನೇ ಜಾತಿ. ಎರಡನ್ನೂ ಒಂದೇ ಫೋಟೋದಲ್ಲಿ ಒಂದೇ ಬೆಳಕಿನಲ್ಲಿ ತೋರಿಸಲು ಹೋಗುತ್ತಿದ್ದೀಯ. ಅದಕ್ಕೇ ಕಷ್ಟ ಆಗುತ್ತಿದೆ.

ಮೊದಲು ಒಡಲು. ರಿಂಗ್ ಲೈಟ್ ಲೆನ್ಸಿನ ಸುತ್ತಲೇ ಇರುತ್ತದೆ. ಹಾಗಾಗಿ ಪ್ರತಿ ಎಳೆಯ ನೆರಳು ಆ ಎಳೆಯ ಹಿಂದೆಯೇ ಅಡಗುತ್ತದೆ. ಕ್ಯಾಮೆರಾಕ್ಕೆ ನೆರಳೇ ಸಿಗಲ್ಲ. ನೆರಳಿಲ್ಲದೆ ಹಾಸು ಯಾವುದು, ಹೊಕ್ಕು ಯಾವುದು ಅಂತ ಹೇಗೆ ಕಾಣಬೇಕು? ರಿಂಗ್ ಲೈಟ್ ಆರಿಸು. ಸೀರೆಯನ್ನು ಗೋಡೆಗೆ ಇಳಿಬಿಡು. ಕ್ಯಾಮೆರಾ ನೇರ ಎದುರಿಗೆ ಇರಲಿ. ಫ್ಲ್ಯಾಶನ್ನು ಗೋಡೆಯ ಪಕ್ಕಕ್ಕೆ ತಂದು, ಬೆಳಕು ಬಟ್ಟೆಯ ಮೇಲೆ ತೀರಾ ಓರೆಯಾಗಿ, 20 ಡಿಗ್ರಿ ಆಸುಪಾಸು, ಬೀಳುವ ಹಾಗೆ ಇಡು. ಸಂಜೆ ಬಿಸಿಲಿಗೆ ರಂಟೆ ಹೊಡೆದ ಹೊಲದ ಸಾಲು ಎದ್ದು ಕಾಣುತ್ತವಲ್ಲ, ಹಾಗೆ ಎಳೆ ಎಳೆ ಎದ್ದು ಬರುತ್ತವೆ. ಕಸೂತಿ ಇದ್ದರೆ ಹೊಲಿಗೆಯ ದಪ್ಪವೂ ಗೊತ್ತಾಗುತ್ತದೆ.

ಇಲ್ಲಿ ಒಂದು ಲೆಕ್ಕ ಇದೆ, ತಪ್ಪದೆ ಓದು. ಸಣ್ಣ ಲೈಟಿನ ದೂರ ಎರಡು ಪಟ್ಟಾದರೆ ಬೆಳಕು ಅರ್ಧ ಆಗಲ್ಲ, ಕಾಲು ಭಾಗ ಆಗುತ್ತದೆ. ಬಟ್ಟೆ ಒಂದು ಮೀಟರ್ ಅಗಲ ಅಂತಿಟ್ಟುಕೋ. ಫ್ಲ್ಯಾಶ್ ಹತ್ತಿರದ ಅಂಚಿನಿಂದ ಒಂದು ಮೀಟರ್ ದೂರ ಇದ್ದರೆ ಆಚೆ ಅಂಚು ಎರಡು ಮೀಟರ್ ದೂರ. ಅಲ್ಲಿಗೆ ಮುಟ್ಟೋದು ಕಾಲು ಭಾಗ, ಅಂದರೆ ಎರಡು ಸ್ಟಾಪ್ ಕತ್ತಲು (ಬೆಳಕು ಅರ್ಧಕ್ಕೆ ಇಳಿದರೆ ಒಂದು ಸ್ಟಾಪ್). ಅದೇ ಫ್ಲ್ಯಾಶನ್ನು ಮೂರು ಮೀಟರ್ ದೂರ ಒಯ್ದರೆ ಈಚೆ 3, ಆಚೆ 4. ಆಗ ಆಚೆ ಅಂಚಿಗೂ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯೇ ಬೆಳಕು ಸಿಗುತ್ತದೆ. ಒಂದು ಸ್ಟಾಪಿನಷ್ಟೂ ವ್ಯತ್ಯಾಸ ಇಲ್ಲ. ಮಿಕ್ಕದ್ದನ್ನು ಆಚೆ ಬದಿಗೆ ಒಂದು ಥರ್ಮೋಕೋಲ್ ನಿಲ್ಲಿಸಿ ಸರಿ ಮಾಡು. ಕೋಣೆ ಸಣ್ಣದು ಅಂದರೆ ಬಾಗಿಲು ತೆಗೆದು ಫ್ಲ್ಯಾಶನ್ನು ಪಡಸಾಲೆಯಲ್ಲಿಟ್ಟು ಬಾಗಿಲೊಳಗಿಂದ ಹೊಡಿ. ನಾನು ಖಣದ ಫೋಟೋಗೆ ಇವತ್ತಿಗೂ ಹಾಗೇ ಮಾಡುತ್ತೇನೆ.

ಈಗ ಸೆರಗು. ರೇಷ್ಮೆ ಎಳೆ ಬೆಳಕನ್ನು ಎಲ್ಲಾ ಕಡೆಗೂ ಸಮವಾಗಿ ಚೆಲ್ಲಲ್ಲ. ಎಳೆ ಯಾವ ಕಡೆ ಓಡುತ್ತದೋ ಅದರ ಪ್ರಕಾರ ಹೊಳಪು ಬದಲಾಗುತ್ತದೆ. ಅದೇ ಸೆರಗನ್ನು ಅದೇ ಲೈಟಿನಲ್ಲಿ ಕಾಲು ಸುತ್ತು ತಿರುಗಿಸಿ ಇನ್ನೊಂದು ಫೋಟೋ ತೆಗೆದು ನೋಡು. ಬೇರೆ ಸೀರೆ ಅನ್ನಿಸುವಷ್ಟು ವ್ಯತ್ಯಾಸ ಇರುತ್ತದೆ. ಯಾವುದು ಚೆಂದ ಅನ್ನಿಸುತ್ತದೋ ಅದಕ್ಕಿಂತ, ಕೈಯಲ್ಲಿ ಹಿಡಿದಾಗ ಯಾವುದು ನಿಜ ಅನ್ನಿಸುತ್ತದೋ ಅದನ್ನು ಇಟ್ಟುಕೋ.

ಜರಿಗೆ ಒಂದು ಸುಲಭ ಉಪಾಯ ಹೇಳುತ್ತೇನೆ. ಕುಂಕುಮದ ಡಬ್ಬಿಯ ಮುಚ್ಚಳದಲ್ಲಿರುವಂಥ ಪುಟ್ಟ ಕನ್ನಡಿಯನ್ನು ದಡಿಯ ಮೇಲೆ ಸಪಾಟಾಗಿ ಇಡು. ಕ್ಯಾಮೆರಾ ಇರುವ ಜಾಗದಿಂದ ಆ ಕನ್ನಡಿಯೊಳಗೆ ನೋಡು. ಅಲ್ಲಿ ಏನು ಕಾಣುತ್ತದೋ ಜರಿಯೂ ಹೆಚ್ಚುಕಡಿಮೆ ಅದನ್ನೇ ತೋರಿಸುತ್ತದೆ. ಕನ್ನಡಿಯಲ್ಲಿ ಫ್ಲ್ಯಾಶ್ ಕಂಡರೆ ಬಿಳಿ ಮಚ್ಚೆ ಗ್ಯಾರಂಟಿ. ಕತ್ತಲ ಮೂಲೆ ಕಂಡರೆ ಜರಿ ಮಂಕು. ಬಿಳಿ ಥರ್ಮೋಕೋಲ್ ಕಂಡರೆ ಜರಿ ಉದ್ದಕ್ಕೂ ಸಮನಾಗಿ ಬಂಗಾರದ ಬಣ್ಣ. ಆ ಥರ್ಮೋಕೋಲನ್ನು ಕನ್ನಡಿಯಲ್ಲಿ ಕಾಣುವ ಜಾಗಕ್ಕೆ ಸರಿಸಿ, ಕನ್ನಡಿ ತೆಗೆದು ಫೋಟೋ ಹೊಡಿ. ಪೋಲರೈಸರ್ ಫಿಲ್ಟರ್ ಹಾಕಿ ಅಂತ ಯಾರಾದರೂ ಹೇಳಿದರೆ ಈ ಕೆಲಸಕ್ಕೆ ಅದರ ಮೇಲೆ ದುಡ್ಡು ಹಾಕಬೇಡ. ನೀರು, ಗಾಜು, ಪ್ಲಾಸ್ಟಿಕ್, ಎಲೆ, ಇವುಗಳ ಹೊಳಪಿಗೆ ಅದು ಕೆಲಸ ಮಾಡುತ್ತದೆ. ಲೋಹದ ಹೊಳಪಿಗೆ ಮಾಡಲ್ಲ.

ಕೊನೆಗೆ ಕೆಂಪು. ಜಮಖಂಡಿಯವರು ಹೇಳಿದ ಸಿಆರ್‌ಐ ಮಾತು ಸರಿ. ಅದರ ಜೊತೆಗೆ ಇನ್ನೆರಡು ಕಾರಣ ಇವೆ. ಒಂದು, ಕೋಣೆಯಲ್ಲಿ ಬಲ್ಬು, ಕಿಟಕಿ, ರಿಂಗ್ ಲೈಟ್ ಮೂರೂ ಕೂಡಿವೆ. ಹಳದಿ ಬಲ್ಬು 2700ರಿಂದ 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ), ಹಗಲಿನ ಬೆಳಕು ಸುಮಾರು 5500. ಎರಡೂ ಒಂದೇ ಬಟ್ಟೆ ಮೇಲೆ ಬಿದ್ದರೆ ಕ್ಯಾಮೆರಾದ ಯಾವ ವೈಟ್ ಬ್ಯಾಲೆನ್ಸೂ (ಬಿಳಿ ಬಿಳಿಯಾಗೇ ಕಾಣುವಂತೆ ಬಣ್ಣ ಹೊಂದಿಸೋದು) ಎರಡಕ್ಕೂ ಸರಿ ಆಗಲ್ಲ. ಒಂದೇ ಬೆಳಕು ಇಟ್ಟುಕೊಂಡು ಉಳಿದದ್ದು ಆರಿಸು. ಸೀರೆ ಜಾಗದಲ್ಲಿ ಗ್ರೇ ಕಾರ್ಡ್ ಹಿಡಿದು ಒಂದು ಫೋಟೋ ತೆಗೆದು, ಅದರಿಂದ ಕಸ್ಟಮ್ ವೈಟ್ ಬ್ಯಾಲೆನ್ಸ್ ಹಾಕು. ಎರಡು, ಸೆರಗಿನ ತುಂಬ ಕೆಂಪೇ ಇರುವಾಗ ಕೆಂಪಿನ ಚಾನೆಲ್ ಮೊದಲು ತುಂಬಿ ಹೋಗುತ್ತದೆ. ಒಟ್ಟು ಹಿಸ್ಟೋಗ್ರಾಮ್ (ಫೋಟೋದ ಕತ್ತಲು ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೋಡಿದರೆ ಎಲ್ಲಾ ಸರಿ ಇದೆ ಅನ್ನಿಸುತ್ತದೆ. ಕ್ಯಾಮೆರಾದಲ್ಲಿ ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಮ್ ಹಾಕಿಕೋ. ಕೆಂಪಿನ ಗುಡ್ಡ ಬಲ ಗೋಡೆಗೆ ಅಂಟಿದ್ದರೆ ಎಕ್ಸ್‌ಪೋಶರ್ ಇಳಿಸು, ಅದು ಗೋಡೆ ಬಿಡುವವರೆಗೆ. ವಿವಿಡ್ ಮೋಡ್ ಇದ್ದರೆ ತೆಗೆದು ನ್ಯೂಟ್ರಲ್ ಹಾಕು. ರಾ (RAW, ಕ್ಯಾಮೆರಾದ ಮೂಲ ಫೈಲ್) ರೂಪದಲ್ಲಿ ತೆಗೆ. ಕಳಿಸುವಾಗ ಫೋನುಗಳಿಗೆ ಹೊಂದುವ ಬಣ್ಣದ ಮಾದರಿಯಾದ ಎಸ್‌ಆರ್‌ಜಿಬಿಯಲ್ಲಿ ಸೇವ್ ಮಾಡು. ಇಲ್ಲದಿದ್ದರೆ ಫೋನಿಂದ ಫೋನಿಗೆ ಬಣ್ಣ ಬದಲಾಗುತ್ತದೆ.

ಸೀರೆ ಒಂದಕ್ಕೆ ಮೂರು ಫೋಟೋ ಹಾಕು. ಪೂರ್ತಿ ಸೀರೆ ಛತ್ರಿಯ ಮೆತ್ತನೆ ಬೆಳಕಿನಲ್ಲಿ. ಒಡಲಿನ ನೇಯ್ಗೆ ಹತ್ತಿರದಿಂದ, ಓರೆ ಬೆಳಕಿನಲ್ಲಿ. ಸೆರಗು ಮತ್ತು ದಡಿ ಥರ್ಮೋಕೋಲಿನ ಬೆಳಕಿನಲ್ಲಿ. ಒಡಲು ಸೆರಗು ಕೂಡುವ ಕೊಂಡಿ ಕಂಡರೆ ಕೈಮಗ್ಗ ಬಲ್ಲವರು ಇನ್ನೇನೂ ಕೇಳಲ್ಲ.

ನೇಕಾರರ ಫೋಟೋ ಬಗ್ಗೆ ಸಂಜೆ ಬರೆಯುತ್ತೇನೆ. ಅಂಗಡಿಗೆ ಜನ ಬಂದರು.

ಗುಮ್ಮಟನಗರಿ:

ಬಾದಾಮಿ ಬಗ್ಗೆ ನಾನು ಹೇಳುತ್ತೇನೆ. ವಿಜಯಪುರದವನು, ಆದರೆ ರಜೆ ಸಿಕ್ಕರೆ ಬಾದಾಮಿಗೇ ಹೋಗೋದು.

ಅಲ್ಲಿ ಲೈಟ್ ಒಯ್ಯುವ ಯೋಚನೆ ಬಿಡಿ. ಸ್ಟ್ಯಾಂಡ್ ಇಡಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಮೂರನೇ ಗುಹೆಯ ಚಾವಣಿಯಲ್ಲಿ ಹಳೆಯ ಬಣ್ಣದ ಚಿತ್ರಗಳ ಗುರುತು ಇವೆ, ಅಲ್ಲಿ ಫ್ಲ್ಯಾಶ್ ಹೊಡೆಯಲೇಬಾರದು. ಫ್ಲ್ಯಾಶ್ ಬೇಕಾಗೋದೂ ಇಲ್ಲ. ಗುಹೆಯೊಳಗೆ ಬೆಳಕು ಬರೋದು ಒಂದೇ ಕಡೆಯಿಂದ, ಎದುರಿನ ಕಂಬಗಳ ನಡುವಿನಿಂದ. ಅದರಲ್ಲಿ ದೊಡ್ಡ ಪಾಲು ಅಂಗಳದ ಕಲ್ಲಿಗೆ ಬಿದ್ದು ಪುಟಿದು ಬರುವ ಬೆಳಕು. ಕಲ್ಲು ಕೆಂಪಲ್ವಾ, ಹಾಗಾಗಿ ಬೆಳಕೂ ಕೆಂಪಗೆ ಬೆಚ್ಚಗೆ ಇರುತ್ತದೆ. ಆಟೋ ವೈಟ್ ಬ್ಯಾಲೆನ್ಸ್ ಅದನ್ನು ತೊಳೆದು ಹಾಕುತ್ತದೆ. ಡೇಲೈಟ್‌ನಲ್ಲಿಡಿ, ಕಲ್ಲಿನ ಬಣ್ಣ ಉಳಿಯುತ್ತದೆ.

ಮೂರನೇ ಗುಹೆ ಚಾಲುಕ್ಯರ ಮಂಗಳೇಶ ತನ್ನ ಅಣ್ಣ ಒಂದನೇ ಕೀರ್ತಿವರ್ಮನ ಆಳ್ವಿಕೆಯಲ್ಲಿ ಮಾಡಿಸಿದ್ದು, ಕ್ರಿ.ಶ. 578ರ ಶಾಸನ ಇದೆ. ನಿಮಗೆ ಒಡವೆ, ಉಡುಗೆ ನೋಡಬೇಕು ಅಂದರೆ ಇದೇ ಗುಹೆಗೆ ಜಾಸ್ತಿ ಹೊತ್ತು ಕೊಡಿ. ಪಡಸಾಲೆಯ ತುದಿಯಲ್ಲಿ ಆದಿಶೇಷನ ಮೇಲೆ ಕೂತ ದೊಡ್ಡ ವಿಷ್ಣು ಇದ್ದಾನೆ. ಪಡಸಾಲೆಯ ಒಂದು ಬದಿ ಪೂರ್ತಿ ತೆರೆದಿದೆ, ಶಿಲ್ಪ ಇರೋದು ತುದಿಯ ಗೋಡೆಗೆ. ಹಾಗಾಗಿ ಬೆಳಕು ತಾನಾಗಿಯೇ ಪಕ್ಕದಿಂದ ಬೀಳುತ್ತದೆ. ನವನಗರದವರು ಒಡಲಿಗೆ ಹೇಳಿದ ಓರೆ ಬೆಳಕನ್ನು ಅಲ್ಲಿ ಕಲ್ಲು ಕಡಿದವರೇ ಮಾಡಿ ಇಟ್ಟಿದ್ದಾರೆ. ಹಾರದ ಒಂದೊಂದು ಮಣಿಗೂ ಒಂದು ಬದಿ ಬೆಳಕು, ಒಂದು ಬದಿ ನೆರಳು ಇರುತ್ತದೆ. ಬಿಸಿಲು ತೀರಾ ಜೋರಿರುವಾಗ ಹೊರಗಿನ ಅಂಗಳ ಫ್ರೇಮಿನೊಳಗೆ ಬಾರದ ಹಾಗೆ ನಿಲ್ಲಿ. ಅದು ಒಳಗೆ ಬಂದರೆ ಕ್ಯಾಮೆರಾ ಅದನ್ನೇ ನೋಡಿ ಶಿಲ್ಪವನ್ನು ಕಪ್ಪು ಮಾಡುತ್ತದೆ. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಂಕ) 1600ಕ್ಕೆ ಏರಿಸಲು ಹೆದರಬೇಡಿ. ಶಿಲ್ಪಕ್ಕೆ ಮಾತ್ರ ಒರಗಬೇಡಿ.

ಒಂದನೇ ಗುಹೆಯ ಹೊರಗೆ 18 ಕೈಯ ನಟರಾಜ ಇದ್ದಾನಲ್ಲ, ಅವನಿಗೆ ನೇರ ಎದುರಿನ ಬೆಳಕು ಬೇಡ. ಅಷ್ಟು ಕೈ ಒಂದರ ಹಿಂದೊಂದು ಇರುವಾಗ ನೆರಳೇ ಅವನ್ನು ಬಿಡಿಸಿ ತೋರಿಸೋದು. ಅಗಸ್ತ್ಯ ಕೆರೆಯ ದಂಡೆಯ ಭೂತನಾಥ ಗುಡಿ ಇರೋದು ಕೆರೆಯ ಪೂರ್ವಕ್ಕೆ. ಸಂಜೆ ಬಿಸಿಲು ಮುಂಭಾಗಕ್ಕೆ ಬೀಳುತ್ತದೆ. ಬೆಳಿಗ್ಗೆ ಹೋದರೆ ಸೂರ್ಯ ಗುಡಿಯ ಹಿಂದಿರುತ್ತಾನೆ, ಬರೀ ಆಕಾರ ಸಿಗುತ್ತದೆ.

ವಿಜಯಪುರಕ್ಕೂ ಬನ್ನಿ. ಡಿಸೈನ್ ಹುಡುಕುವವರಿಗೆ ಗೋಳಗುಮ್ಮಟಕ್ಕಿಂತ ಇಬ್ರಾಹಿಂ ರೋಜಾ ಒಳ್ಳೆಯದು. ಗೋಳಗುಮ್ಮಟ 1656ರದ್ದು. ಅದರ ದೊಡ್ಡತನ ಹಿಡಿಯೋಕೆ ಸಂಜೆ ಮುಗಿದ ಮೇಲಿನ ನೀಲಿ ಆಕಾಶ ಚೆನ್ನಾಗಿರುತ್ತದೆ. ಇಬ್ರಾಹಿಂ ರೋಜಾದಲ್ಲಿ ಗೋಡೆಯ ಮೇಲೆ ಕೆತ್ತಿದ ಅಕ್ಷರ, ಬಳ್ಳಿ, ಜಾಲರಿ. ಒಂದೇ ಜಗಲಿ ಮೇಲೆ ಗೋರಿಯೂ ಮಸೀದಿಯೂ ಎದುರು ಬದುರು ಇವೆ. ಮಸೀದಿ ಪಶ್ಚಿಮಕ್ಕೆ ಇದೆ, ಅದರ ಮುಖ ಪೂರ್ವಕ್ಕೆ. ಹಾಗಾಗಿ ಬೆಳಿಗ್ಗೆ ಮಸೀದಿ ಕಡೆ, ಸಂಜೆ ಗೋರಿ ಕಡೆ ತೆಗೆಯಿರಿ. ಜಾಲರಿಯನ್ನು ಒಳಗಿನಿಂದ ತೆಗೆಯುವಾಗ ಹೊರಗಿನ ಬೆಳಕಿಗೆ ಎಕ್ಸ್‌ಪೋಶರ್ ಹೊಂದಿಸಿ, ಕಲ್ಲು ಕಪ್ಪಾಗಲಿ. ದಡಿಗೆ ಬೇಕಾದ ನಕಾಶೆ ಹಾಗೇ ಸಿಗುತ್ತದೆ.

ಟಿಳಕವಾಡಿ_ಅಡುಗೆಮನೆ:

ಕರದಂಟು ನನಗೆ ಬಿಡಿ. ಬೆಳಗಾವಿಯಲ್ಲಿ ಸಿಹಿ ಅಂಗಡಿಗಳಿಗೆ ಫೋಟೋ ತೆಗೆದು ಕೊಡುತ್ತೇನೆ. ಕುಂದಾ, ಕರದಂಟು, ಎರಡೂ ಕಂದು ಬಣ್ಣದವು. ಆದರೆ ಒಂದಕ್ಕೆ ಇಟ್ಟ ಬೆಳಕು ಇನ್ನೊಂದಕ್ಕೆ ಆಗಲ್ಲ. ಕುಂದಾದಲ್ಲಿ ಹಾಲಿನ ಕಾಳು ಕಾಳು ಕಾಣಬೇಕು, ಅದಕ್ಕೆ ಪಕ್ಕದ ಕಿಟಕಿ. ಕರದಂಟಿನಲ್ಲಿ ಬೆಲ್ಲದ ಪಾಕ ಮತ್ತು ತಿನ್ನುವ ಅಂಟು (ಗೋಂದು) ಹೊಳೆಯಬೇಕು. ಅದಕ್ಕೆ ಬೆಳಕು ಹಿಂದಿನಿಂದ ಬರಬೇಕು.

ಕಿಟಕಿ ಎದುರಿಗೆ ಮೇಜು ಇಡಿ. ಕರದಂಟಿನ ತಟ್ಟೆ ಮೇಜಿನ ಮೇಲೆ, ನೀವು ಈಚೆ ಕಡೆ, ಕಿಟಕಿ ಆಚೆ ಕಡೆ. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ನೀವು 6ರಲ್ಲಿದ್ದರೆ ಬೆಳಕು 11ರಿಂದ ಬರಲಿ. ಈಚೆ ಕಡೆ ಕತ್ತಲಾಗುತ್ತದೆ. ಅಲ್ಲಿಗೆ ಅಂಗೈ ಅಗಲದ ಬಿಳಿ ರಟ್ಟು ನಿಲ್ಲಿಸಿ. ರಟ್ಟು ದೊಡ್ಡದು ಬೇಡ. ದೊಡ್ಡದಾದರೆ ಪೂರ್ತಿ ಮಂಕು ಬಿಳಿ ಹೊಳಪು ಬಂದು ಬೆಲ್ಲದ ಗಾಢ ಬಣ್ಣ ಹೋಗುತ್ತದೆ. ಒಂದು ತುಂಡನ್ನು ಮುರಿದು ಮುರಿದ ಮುಖ ಕ್ಯಾಮೆರಾ ಕಡೆ ಇಡಿ. ಕೊಬ್ಬರಿ, ಗೋಡಂಬಿ, ಅಂಜೂರದ ಬೀಜ, ಎಲ್ಲಾ ಅಲ್ಲೇ ಇರೋದು. ಚಾಕುವಿನಲ್ಲಿ ಕತ್ತರಿಸಿದರೆ ಸಪಾಟಾಗುತ್ತದೆ, ಕೈಯಲ್ಲಿ ಮುರಿಯಿರಿ. ಅಂಟಿನ ಕಾಳಿನ ಹಿಂದೆ ಬೆಳಕು ಬಂದರೆ ಅದು ಒಳಗಿನಿಂದಲೇ ಜೇನಿನ ಬಣ್ಣ ತಿರುಗುತ್ತದೆ. ಆ ಒಂದು ಕಾಳು ಸರಿಯಾಗಿ ಬರುವವರೆಗೆ ತಟ್ಟೆ ತಿರುಗಿಸುತ್ತಾ ಇರಿ.

ನೇರ ಬಿಸಿಲು ಬರುತ್ತಿದ್ದರೆ ಕಿಟಕಿಗೆ ಬಿಳಿ ಧೋತರ ಕಟ್ಟಿ. ಆದರೆ ನೀಲಿ ಹಾಕಿ ಒಗೆದದ್ದು ಬೇಡ, ಬೆಳಕು ತಣ್ಣಗಾಗಿ ತಿಂಡಿಯ ಬಣ್ಣ ಸತ್ತುಹೋಗುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಧೋತರ ಬೇಕಾಗಲ್ಲ, ಮೋಡವೇ ಆ ಕೆಲಸ ಮಾಡುತ್ತದೆ. ನಿಮ್ಮ ಕಡೆ ಬಿಸಿಲಿಗೆ ಬೇಕೇ ಬೇಕು. ಪಕ್ಕದಲ್ಲಿ ಜೋಳದ ರೊಟ್ಟಿ ಇಡುವ ಐಡಿಯಾ ಇದ್ದರೆ ಬೇಡ ಅಂತೀನಿ. ರೊಟ್ಟಿಯ ಕಪ್ಪು ಬೊಕ್ಕೆಗೆ ಓರೆ ಬೆಳಕು ಬೇಕು, ಕರದಂಟಿಗೆ ಹಿಂದಿನ ಬೆಳಕು ಬೇಕು. ಎರಡೂ ಒಂದೇ ಫ್ರೇಮಿನಲ್ಲಿ ಜಗಳಾಡುತ್ತವೆ.

ನವನಗರ_ಸ್ಟುಡಿಯೋ:

ಅಕ್ಕಾವ್ರು ಹೇಳಿದ್ದು ಸರಿಯಾಗಿದೆ. ಈಗ ನೇಕಾರರ ಮಾತು.

ತಂಗಿ, ಆ ಸಣ್ಣ ಕಿಟಕಿಯನ್ನು ಕೊರತೆ ಅಂದುಕೊಳ್ಳಬೇಡ. ಕೋಣೆಯ ಬಲ್ಬು ಆರಿಸು. ಕಣ್ಣು ಕತ್ತಲಿಗೆ ಹೊಂದುವವರೆಗೆ ಸುಮ್ನೆ ಕೂತ್ಕೋ. ಆಮೇಲೆ ಮುಖದ ಮೇಲೆ ಮೂಗಿನ ನೆರಳು ಎತ್ತ ಬೀಳುತ್ತದೆ ನೋಡು. ಕಿಟಕಿ ಮುಖಕ್ಕೆ ಓರೆಯಾಗಿ, ಸ್ವಲ್ಪ ಮೇಲೆ ಇದ್ದರೆ ಕತ್ತಲ ಕಡೆಯ ಕೆನ್ನೆ ಮೇಲೆ, ಕಣ್ಣಿನ ಕೆಳಗೆ ಬೆಳಕಿನ ಒಂದು ಸಣ್ಣ ತ್ರಿಕೋನ ಉಳಿಯುತ್ತದೆ. ಅದಕ್ಕೆ ರೆಂಬ್ರಾಂಟ್ ಲೈಟಿಂಗ್ ಅಂತಾರೆ. 17ನೇ ಶತಮಾನದ ಡಚ್ ಚಿತ್ರಕಾರನ ಹೆಸರು. ಕುಣಿಮಗ್ಗದಲ್ಲಿ ಕೂತವರು ನೆಲಮಟ್ಟಕ್ಕೆ ಇರುತ್ತಾರೆ, ಕಿಟಕಿ ಮೇಲಿರುತ್ತದೆ. ಹಾಗಾಗಿ ಆ ತ್ರಿಕೋನ ಸಿಗೋದು ಅಲ್ಲಿ ಸುಲಭ. ಮಗ್ಗ ಸರಿಸೋಕೆ ಆಗಲ್ಲ, ಅವರ ಮುಖವನ್ನಾದರೂ ಚೂರು ತಿರುಗಿಸೋಕೆ ಆಗುತ್ತದೆ. ಲಾಳಿ ಕಿಟಕಿಯ ಕಡೆ ಬಂದಾಗ ಕಣ್ಣೂ ಅತ್ತ ಹೋಗುತ್ತದೆ, ಆಗ ಹೊಡಿ.

ನೀನೂ ಮಗ್ಗದ ಎತ್ತರಕ್ಕೆ ಇಳಿದು ಕೂರು. ನಿಂತು ಕೆಳಗೆ ನೋಡಿ ತೆಗೆದರೆ ನೆತ್ತಿಯೇ ಕಾಣುತ್ತದೆ. 50 ಎಂಎಂ ಲೆನ್ಸ್ ಹಾಕು. ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ) ಎಫ್ 2.2, ಶಟರ್ 1/125, ಐಎಸ್‌ಒ 800ರಿಂದ ಶುರು ಮಾಡಿ ನೋಡು. ಲಾಳಿ ಓಡುವ ಕೈ ಸ್ವಲ್ಪ ಮಸುಕಾಗಬೇಕು ಅಂದರೆ ಶಟರ್ 1/30ಕ್ಕೆ ಇಳಿಸು, ಗಟ್ಟಿಯಾಗಿ ನಿಲ್ಲಬೇಕು ಅಂದರೆ 1/500ಕ್ಕೆ ಏರಿಸು. ಬಿಳಿ ಅಂಗಿ, ಬಿಳಿ ಧೋತರ ಫ್ರೇಮಿನಲ್ಲಿ ಜಾಸ್ತಿ ಇದ್ದರೆ ಕ್ಯಾಮೆರಾ ಅದನ್ನು ಬೂದು ಮಾಡಲು ಹೋಗಿ ಮುಖವನ್ನು ಕಪ್ಪು ಮಾಡುತ್ತದೆ. ಆಗ ಎಕ್ಸ್‌ಪೋಶರ್ ಪ್ಲಸ್‌ಗೆ ಒಯ್ಯಿ. ಹಿಂದೆಲ್ಲ ಕತ್ತಲೇ ಇದ್ದರೆ ಉಲ್ಟಾ, ಮುಖ ಬೆಳ್ಳಗೆ ಸುಟ್ಟುಹೋಗುತ್ತದೆ, ಮೈನಸ್‌ಗೆ ಒಯ್ಯಿ. ನಮ್ಮವರ ಮೈಬಣ್ಣ ಇರುವ ಹಾಗೆ ಇರಲಿ. ಬೆಳ್ಳಗೆ ಮಾಡಿ ತೋರಿಸುವ ಅಭ್ಯಾಸ ನನಗೆ ಒಂಚೂರೂ ಸೇರಲ್ಲ. ಕಪ್ಪು ಚರ್ಮದ ಮೇಲೆ ದೊಡ್ಡ ಬೆಳಕಿನ ಹೊಳಪು ಹಣೆಯಲ್ಲಿ, ಕೆನ್ನೆಯೆಲುಬಿನಲ್ಲಿ ಎಷ್ಟು ಚೆಂದ ನಿಲ್ಲುತ್ತದೆ!

ಕಿಟಕಿ ಸಾಲದೇ ಹೋದರೆ ಫ್ಲ್ಯಾಶ್ ಸೇರಿಸು, ಆದರೆ ಕಿಟಕಿ ಇರುವ ಕಡೆಯಿಂದಲೇ, ಛತ್ರಿಯ ಮೂಲಕ. ಆಗ ಕಿಟಕಿಯೇ ದೊಡ್ಡದಾದಂತೆ ಅನ್ನಿಸುತ್ತದೆ. ಛತ್ರಿ ಮುಖಕ್ಕೆ ಎಷ್ಟು ಹತ್ತಿರವೋ ಬೆಳಕು ಅಷ್ಟು ಮೆತ್ತಗೆ. ಗೋಡೆಗೆ ಬೌನ್ಸ್ ಮಾಡಬೇಡ. ನಮ್ಮ ಕಡೆ ಗೋಡೆಗೆ ನೀಲಿ, ಹಸಿರು ಡಿಸ್ಟೆಂಪರ್ ಇರುತ್ತದೆ, ಆ ಬಣ್ಣವೇ ಮುಖಕ್ಕೆ ಬರುತ್ತದೆ. ಇನ್ನೊಂದು ನೆನಪಿಡು. ಶಟರ್ ವೇಗ ಬದಲಿಸಿದರೆ ಕೋಣೆಯ ಬೆಳಕು ಮಾತ್ರ ಬದಲಾಗುತ್ತದೆ. ಅಪರ್ಚರ್, ಐಎಸ್‌ಒ ಬದಲಿಸಿದರೆ ಫ್ಲ್ಯಾಶೂ ಬದಲಾಗುತ್ತದೆ. ಕೋಣೆ ಕಪ್ಪಾಗಿದೆ, ಮುಖ ಸರಿ ಇದೆ ಅಂದರೆ ಶಟರ್ ನಿಧಾನ ಮಾಡು, ಫ್ಲ್ಯಾಶ್ ಮುಟ್ಟಬೇಡ. ಹೆಚ್ಚಿನ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಇದ್ದಾಗ ಶಟರ್ 1/200ರ ಆಸುಪಾಸಿಗಿಂತ ಮೇಲೆ ಹೋಗಬಾರದು. ಹೋದರೆ ಫೋಟೋದ ಒಂದು ಭಾಗ ಕಪ್ಪು ಬರುತ್ತದೆ. ಮೊದಲು ಹೇಳಿದ 1/500 ಕಿಟಕಿ ಬೆಳಕಿಗೆ ಮಾತ್ರ.

ಮಗ್ಗದಮನೆ_ಇಳಕಲ್:

ಅಣ್ಣಾರೇ, ಕನ್ನಡಿ ಇಟ್ಟು ನೋಡಿದೆ! ಜರಿಯಲ್ಲಿ ಮಚ್ಚೆ ಬರುತ್ತಿದ್ದದ್ದು ರಿಂಗ್ ಲೈಟಿಂದ ಅಲ್ಲ, ಮೇಲಿನ ಟ್ಯೂಬ್‌ಲೈಟಿಂದ. ಕನ್ನಡಿಯಲ್ಲಿ ಉದ್ದಕ್ಕೆ ಅದೇ ಕಾಣುತ್ತಿತ್ತು. ಆರಿಸಿ, ಥರ್ಮೋಕೋಲ್ ಸಿಗುವವರೆಗೆ ಅಂತ ಬಿಳಿ ಡ್ರಾಯಿಂಗ್ ಶೀಟ್ ಹಿಡಿದೆ. ದಡಿ ಪೂರ್ತಿ ಒಂದೇ ಬಣ್ಣ ಬಂತು. ಫ್ಲ್ಯಾಶ್ ಟ್ರಿಗರ್ ಇನ್ನೂ ಬಂದಿಲ್ಲ, ಸದ್ಯ ಬಾಗಿಲ ಬೆಳಕಿನಲ್ಲೇ ಒಡಲು ತೆಗೆಯುತ್ತಿದ್ದೇನೆ. ಎಳೆ ಕಾಣುತ್ತಿವೆ. ಕೆಂಪು ಇನ್ನೂ ಪೂರ್ತಿ ಸರಿ ಹೋಗಿಲ್ಲ.

ಗುಮ್ಮಟನಗರಿ ಅವರಿಗೂ, ಬೆಳಗಾವಿ ಅಕ್ಕನಿಗೂ ಬಹಳ ಧನ್ಯವಾದ. ಮಾವನಿಗೆ ಕರದಂಟು ಮುರಿದು ಕೊಡೋಕೆ ಹೇಳಿದ್ದೇನೆ.

ಒಂದು ಕೇಳಬೇಕಿತ್ತು. ನಾನು ಮೊದಲು ತೆಗೆಯಬೇಕು ಅಂದುಕೊಂಡದ್ದು ನಮ್ಮ ಓಣಿಯ ಹಿರಿಯ ನೇಕಾರರನ್ನು. ಅವರು ದಪ್ಪ ಗಾಜಿನ ಚಸ್ಮಾ ಹಾಕುತ್ತಾರೆ. ಚಸ್ಮಾ ತೆಗೆದರೆ ಅವರು ಅವರ ಹಾಗೇ ಕಾಣಲ್ಲ, ಎಳೆಯೂ ಕಾಣಲ್ಲ ಅವರಿಗೆ. ಹಾಕಿಕೊಂಡರೆ ಎರಡೂ ಗಾಜಿನಲ್ಲಿ ಕಿಟಕಿಯೇ ಕೂರುತ್ತದೆ, ಕಣ್ಣು ಕಾಣಲ್ಲ. ಏನು ಮಾಡಲಿ?

ನವನಗರ_ಸ್ಟುಡಿಯೋ:

ಚಸ್ಮಾ ತೆಗೆಸಬೇಡ. ಗಾಜೂ ಕನ್ನಡಿಯೇ, ಜರಿಗೆ ಮಾಡಿದ್ದನ್ನೇ ಇಲ್ಲೂ ಮಾಡು. ಅವರು ಎಳೆ ನೋಡಲು ತಲೆ ಬಗ್ಗಿಸಿದಾಗ ಗಾಜು ನೆಲದ ಕಡೆ ತಿರುಗುತ್ತದೆ, ಆಗ ಕಿಟಕಿ ತಾನಾಗಿ ಜಾರಿಹೋಗುತ್ತದೆ. ಆ ಹೊತ್ತಿಗೆ ಕಾಯಿ. ಮಡಿಲಲ್ಲಿರುವ ಬಿಳಿ ಬಟ್ಟೆ ಗಾಜಿನಲ್ಲಿ ಕಂಡರೆ ಮಗ್ಗದ ಅಂಚಿಗೆ ನಿನ್ನ ಕಪ್ಪು ಬಟ್ಟೆ ಹಾಕು.

ತಲೆ ಎತ್ತಿ ಕ್ಯಾಮೆರಾ ನೋಡುವ ಫೋಟೋ ಬೇಕು ಅಂದರೆ ಚಸ್ಮಾದ ಕಡ್ಡಿಯನ್ನು ಕಿವಿಯ ಮೇಲೆ ಒಂದು ಬೆರಳು ದಪ್ಪ ಎತ್ತಿ ಇಡೋಕೆ ಹೇಳು. ಗಾಜು ಕೆಳಗೆ ವಾಲುತ್ತದೆ, ಎದುರಿನಿಂದ ಅದು ಗೊತ್ತಾಗಲ್ಲ. ಅಷ್ಟಕ್ಕೂ ಹೋಗದಿದ್ದರೆ ನೀನು ಕಿಟಕಿಯಿಂದ ದೂರಕ್ಕೆ ಎರಡು ಹೆಜ್ಜೆ ಪಕ್ಕಕ್ಕೆ ಸರಿ. ಇಲ್ಲಿ ಮಾತ್ರ ಪೋಲರೈಸರ್ ಸ್ವಲ್ಪ ಸಹಾಯ ಮಾಡುತ್ತದೆ, ಯಾರ ಹತ್ತಿರವಾದರೂ ಇದ್ದರೆ ಕೇಳಿ ತಗೊಂಡು ಹೋಗು. ಅದು ಬೆಳಕನ್ನು ಒಂದೂವರೆ ಸ್ಟಾಪಿನಷ್ಟು ತಿನ್ನುತ್ತದೆ, ಐಎಸ್‌ಒ ಅಷ್ಟು ಏರಿಸಬೇಕಾಗುತ್ತದೆ.

ಕೆಂಪಿಗೆ ಗ್ರೇ ಕಾರ್ಡ್ ಬಂದ ಮೇಲೆ ಒಂದು ಫೋಟೋ ತೆಗೆದು, ಮೂರು ಬಣ್ಣದ ಹಿಸ್ಟೋಗ್ರಾಮ್ ಸಮೇತ ಇಲ್ಲೇ ಹಾಕು. ಬಾಗಿಲ ಹೊರಗೆ ಬಣ್ಣದ ಗೋಡೆಯೋ, ತಗಡಿನ ಚಪ್ಪರವೋ ಇದೆಯಾ ಅಂತಾನೂ ಬರಿ.